ನೆಲದ ಮೇಲೆ ಕೂತು ಉಣ್ಣುವ ಮನೆಗೆ ಎಂಥ ಹೈಚೇರ್ ತರಬೇಕು?

ಪ್ರಶ್ನೆ: ನಮ್ಮದು ಕೊಪ್ಪಳ. ಮಗಳಿಗೆ ಈಗ 7 ತಿಂಗಳು. ಮನೆಯಲ್ಲಿ ಡೈನಿಂಗ್ ಟೇಬಲ್ ಇಲ್ಲ, ಎಲ್ಲರೂ ನೆಲದ ಮೇಲೆ ಕೂತೇ ಉಣ್ಣುತ್ತೇವೆ. ಅತ್ತೆಯವರು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ತಿನ್ನಿಸುತ್ತಾರೆ. ನಾನು ಕೂರಿಸಿ ತಿನ್ನಿಸಲು ಹೋದರೆ ಬೆನ್ನು ಹಿಂದಕ್ಕೆ ಬಗ್ಗಿಸಿ ಜಾರಿಬಿಡುತ್ತಾಳೆ. ಹೈಚೇರ್ ತರೋಣ ಅಂದರೆ ಆನ್‌ಲೈನ್‌ನಲ್ಲಿ 2,000 ರೂಪಾಯಿಯಿಂದ 15,000ದವರೆಗೆ ಇವೆ. ಬೆಂಗಳೂರಿನಲ್ಲಿರುವ ನಾದಿನಿ ತಮ್ಮ ಮಗನ ಹಳೇ ಕುರ್ಚಿ ಕೊಡ್ತೀನಿ ಅಂತಿದ್ದಾರೆ. ಯಾವುದು ತಗೊಳ್ಳಲಿ? ನಿಜವಾಗಿ ಇದು ಬೇಕಾ? ಕೂರಿಸಿದರೆ ಮಗಳು ಸ್ವಲ್ಪ ಹೊತ್ತಿಗೇ ಪಕ್ಕಕ್ಕೆ ವಾಲುತ್ತಾಳೆ, ಅದಕ್ಕೂ ಭಯವಾಗುತ್ತದೆ.

ಉತ್ತರ: ಬೇಕೇ ಬೇಕು ಅಂತೇನಿಲ್ಲ. ಆದರೆ ನಿಮ್ಮ ಮನೆಗೆ ಹೊಂದುವ ಕುರ್ಚಿ ಸಿಕ್ಕರೆ ಊಟದ ಹೊತ್ತು ನಿಮಗೂ ಮಗಳಿಗೂ ತುಂಬಾ ಸಲೀಸಾಗುತ್ತದೆ. ನಾನು ಬಳ್ಳಾರಿಯಲ್ಲಿ ಮಕ್ಕಳ ಫಿಸಿಯೋಥೆರಪಿ ಮಾಡುತ್ತೇನೆ. ರಾಯಚೂರು, ಕೊಪ್ಪಳದ ಕಡೆಯಿಂದ ಬರುವ ತಾಯಂದಿರೂ ಹೆಚ್ಚುಕಮ್ಮಿ ಇದನ್ನೇ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ಬೆಲೆ, ಬಣ್ಣ, ಎಷ್ಟು ಥರ ಮಡಚುತ್ತದೆ ಅನ್ನೋದನ್ನು ಆಮೇಲೆ ನೋಡಿ. ಮೊದಲು ಮಗುವಿನ ಪಾದ ಎಲ್ಲಿ ಊರುತ್ತದೆ ನೋಡಿ.

ಅತ್ತೆಯವರ ವಿಷಯದಿಂದ ಶುರು ಮಾಡೋಣ, ಯಾಕೆಂದರೆ ಕುರ್ಚಿ ಬಂದ ಮೇಲೂ ದಿನಕ್ಕೆ ಒಂದೆರಡು ಸಲ ಕೂಸು ಅವರ ಮಡಿಲಲ್ಲೇ ಉಣ್ಣುತ್ತದೆ. ಉಣ್ಣಲಿ. ಅಜ್ಜಿಯ ಮಡಿಲನ್ನು ಬಿಡಿಸಬೇಡಿ, ಮಲಗಿಸುವುದನ್ನು ಬಿಡಿಸಿ ಸಾಕು. ಕಾಲು ಚಾಚಿ ಕೂತು, ಮಗುವನ್ನು ಅಂಗಾತ ಮಲಗಿಸಿ, ಒಳಲೆಯಲ್ಲೋ ಚಮಚದಲ್ಲೋ ಗಂಜಿ ಹೊಯ್ಯುವುದು ಹಳೆಯ ಪದ್ಧತಿ. ಹಾಗೆ ಮಲಗಿದಾಗ ಬಾಯಿಗೆ ಬಿದ್ದದ್ದು ಮಗು ನುಂಗಲು ತಯಾರಾಗುವ ಮೊದಲೇ ಗಂಟಲಿಗೆ ಜಾರುತ್ತದೆ, ಉಸಿರಿನ ನಾಳಕ್ಕೂ ಹೋಗಬಹುದು. ಉಣ್ಣುವಾಗ ಕೆಮ್ಮು, ಕಣ್ಣಲ್ಲಿ ನೀರು ಬರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಅಳುವ ಮಗುವಿನ ಬಾಯಿಗೆ ಹೊಯ್ದರಂತೂ ಅಪಾಯ ಇನ್ನೂ ಜಾಸ್ತಿ. ಅವರಿಗೆ ಸಮಾಧಾನದಿಂದ ಹೇಳಿ: ‘ಅತ್ತೀ, ಕೂಸಿನ ಬೆನ್ನು ನಿಮ್ಮ ಹೊಟ್ಟಿಗೆ ಆನಿಸಿ ಕೂಡಿಸ್ಕೊಳ್ರಿ, ಪಾದ ನಿಮ್ಮ ತೊಡಿ ಮ್ಯಾಲೆ ಊರ್ಲಿ.’ ಇಷ್ಟು ಬದಲಾದರೆ ಅಜ್ಜಿಯ ಮಡಿಲೇ ಒಳ್ಳೆಯ ಕುರ್ಚಿ. ಕುರ್ಚಿ ತರಲು ಆಗದ ಮನೆಯವರಿಗೂ ನಾನು ಹೇಳುವುದು ಇದನ್ನೇ.

ಇನ್ನು ಮಗಳು ಬೆನ್ನು ಬಗ್ಗಿಸಿ ಜಾರುವ ಮಾತು. ಹೊಟ್ಟೆ ತುಂಬಿದಾಗ, ಬೇಡ ಅನ್ನಿಸಿದಾಗ ಮಕ್ಕಳು ಹಾಗೆ ಮಾಡುತ್ತಾರೆ. ಅದು ‘ಸಾಕು’ ಅನ್ನುವ ಅವರ ಭಾಷೆ, ಅಲ್ಲಿಗೆ ನಿಲ್ಲಿಸಬೇಕು. ಆದರೆ ಮೊದಲ ತುತ್ತಿನಿಂದಲೇ ಜಾರುತ್ತಿದ್ದರೆ ಪಾದ ನೋಡಿ. ಗಾಳಿಯಲ್ಲಿ ತೂಗಾಡುತ್ತಿರುತ್ತವೆ. ನೀವೇ ಒಂದು ಎತ್ತರದ ಕಟ್ಟೆ ಮೇಲೆ ಕಾಲು ಇಳಿಬಿಟ್ಟು, ಬೆನ್ನಿಗೆ ಆಸರೆ ಇಲ್ಲದೆ ಕೂತು, ಜೋಳದ ರೊಟ್ಟಿ ಮುರಿದು ತಿಂದು ನೋಡಿ. ಸ್ವಲ್ಪ ಹೊತ್ತಿಗೇ ಸೊಂಟ ಸೋಲುತ್ತದೆ, ಒಂದು ಕೈ ತಾನಾಗಿ ಕಟ್ಟೆಯನ್ನು ಹಿಡಿಯುತ್ತದೆ. 7 ತಿಂಗಳ ಮಗುವಿಗೆ ಸೊಂಟದ ಬಲ ಈಗಷ್ಟೇ ಬರುತ್ತಿದೆ. ಇರುವ ಶಕ್ತಿಯೆಲ್ಲ ಬೀಳದೆ ಕೂರುವುದಕ್ಕೇ ಖರ್ಚಾದರೆ ಕೈ ಬಾಯಿಗೆ ಹೋಗುವುದು, ನಾಲಿಗೆ ಅನ್ನವನ್ನು ಪಕ್ಕಕ್ಕೆ ತಳ್ಳುವುದು, ನುಂಗುವುದು ಇವಕ್ಕೆ ಏನೂ ಉಳಿಯುವುದಿಲ್ಲ. ಪಾದ ಊರಿದರೆ ಸೊಂಟ ನಿಲ್ಲುತ್ತದೆ, ಸೊಂಟ ನಿಂತರೆ ಕುತ್ತಿಗೆ ನಿಲ್ಲುತ್ತದೆ, ಆಮೇಲೆ ಬಾಯಿ ತನ್ನ ಕೆಲಸ ಮಾಡುತ್ತದೆ.

ಹಾಗಾಗಿ ಕುರ್ಚಿಯಲ್ಲಿ ಕೂತಾಗ ಸೊಂಟ, ಮೊಣಕಾಲು, ಹಿಮ್ಮಡಿಯ ಕೀಲು ಮೂರೂ ಹೆಚ್ಚುಕಮ್ಮಿ ನೇರ ಮೂಲೆಯಲ್ಲಿ ಮಡಚಿರಬೇಕು. ಪಾದ ಪೂರ್ತಿ ಒಂದು ಗಟ್ಟಿ ಹಲಗೆಯ ಮೇಲೆ ಇರಬೇಕು. ಆ ಹಲಗೆ ಮೇಲೆ ಕೆಳಗೆ ಸರಿಯುವಂಥದ್ದಾದರೆ ಅತ್ಯುತ್ತಮ, ಯಾಕೆಂದರೆ ಮಗು ಬೆಳೆಯುತ್ತಲೇ ಇರುತ್ತದೆ. 1972ರಲ್ಲಿ ನಾರ್ವೆಯ ಪೀಟರ್ ಒಪ್ಸ್‌ವಿಕ್ ವಿನ್ಯಾಸ ಮಾಡಿದ ‘ಟ್ರಿಪ್ ಟ್ರ್ಯಾಪ್’ ಕುರ್ಚಿ ಇವತ್ತಿಗೂ ಹೆಸರುವಾಸಿ. ಅದರ ಗುಟ್ಟು ಇಷ್ಟೇ: ಕೂರುವ ಹಲಗೆ, ಕಾಲಿಡುವ ಹಲಗೆ ಎರಡನ್ನೂ ಮಗುವಿನ ಅಳತೆಗೆ ಸರಿಸಬಹುದು. ಅದು ದುಬಾರಿ, ಅದನ್ನೇ ತನ್ನಿ ಅಂತ ಹೇಳುತ್ತಿಲ್ಲ. ಎಷ್ಟೋ ಕಡಿಮೆ ಬೆಲೆಯ ಕುರ್ಚಿಗಳಲ್ಲಿ ಕಾಲಿಡುವ ಜಾಗವೇ ಇರುವುದಿಲ್ಲ. ಇದ್ದರೂ 2 ವರ್ಷದ ಮಗುವಿನ ಕಾಲಿಗೆ ಮುಟ್ಟುವಷ್ಟು ಕೆಳಗಿರುತ್ತದೆ. ಫೋಟೋದಲ್ಲಿ ಮಗುವಿನ ನಗು ನೋಡುವ ಬದಲು ಪಾದ ಎಲ್ಲಿದೆ ನೋಡಿ, ಅರ್ಧ ಕುರ್ಚಿಗಳು ಪಟ್ಟಿಯಿಂದ ಹೊರಗೆ ಹೋಗುತ್ತವೆ.

ಅಂಗಡಿಗೆ ಹೋಗುವ ಮೊದಲು ಟೇಪ್ ಹಿಡಿದು ಮೂರು ಅಳತೆ ತೆಗೆದುಕೊಳ್ಳಿ. ಮಗಳನ್ನು ಯಾರಾದರೂ ತೊಡೆ ಮೇಲೆ ನೆಟ್ಟಗೆ ಕೂಡಿಸಿಕೊಳ್ಳಲಿ. ಬೆನ್ನಿನಿಂದ ಮೊಣಕಾಲಿನ ಹಿಂದಿನ ಮಡಿಕೆವರೆಗೆ ಎಷ್ಟಿದೆ ಅಳೆಯಿರಿ, ಅದರಲ್ಲಿ ಎರಡು ಬೆರಳು ಕಳೆಯಿರಿ. ಸೀಟಿನ ಆಳ ಅಷ್ಟಿರಬೇಕು. ಅದಕ್ಕಿಂತ ಆಳವಿದ್ದರೆ ಮಗು ಬೆನ್ನು ಆನಿಸಲು ಹಿಂದೆ ಜಾರಿ, ಗೂನು ಬೆನ್ನಿನಲ್ಲಿ ಕೂರುತ್ತದೆ. ಎರಡನೆಯದು ಮೊಣಕಾಲಿನ ಮಡಿಕೆಯಿಂದ ಹಿಮ್ಮಡಿವರೆಗೆ, ಅದು ಕಾಲ್ಹಲಗೆಯ ಜಾಗ. ಮೂರನೆಯದು ಕುಂಡೆಯಿಂದ ಮೊಣಕೈವರೆಗೆ, ಟ್ರೇ ಅಷ್ಟು ಎತ್ತರದಲ್ಲಿರಬೇಕು. ಟ್ರೇ ಎದೆಮಟ್ಟಕ್ಕೆ ಬಂದರೆ ಮಗು ಭುಜ ಎತ್ತಿಕೊಂಡೇ ಉಣ್ಣಬೇಕಾಗುತ್ತದೆ, ತಟ್ಟೆಯೊಳಗೆ ಏನಿದೆ ಅಂತಲೂ ಕಾಣುವುದಿಲ್ಲ. ಸೀಟು ಆಳವಾಗಿರುವ ಕುರ್ಚಿಯೇ ಸಿಕ್ಕರೆ ಬೆನ್ನ ಹಿಂದೆ ಗಟ್ಟಿಯಾಗಿ ಮಡಚಿದ ಟವೆಲ್ ಇಡಿ. ಮೆತ್ತನೆ ದಿಂಬು ಬೇಡ, ಅದು ಕುಸಿಯುತ್ತದೆ.

ಈಗ ನಿಮ್ಮ ಮನೆಯ ವಿಷಯ. ನೀವೆಲ್ಲ ನೆಲದ ಮೇಲೆ ಕೂತು ಉಣ್ಣುವವರು. ಮೂರಡಿ ಎತ್ತರದ ಕುರ್ಚಿ ತಂದರೆ ಏನಾಗುತ್ತದೆ? ಮಗು ಎಲ್ಲರ ತಲೆಗಿಂತ ಮೇಲೆ ಒಂಟಿಯಾಗಿ ಕೂರುತ್ತದೆ. ತಿನ್ನಿಸುವವರು ನಿಂತೇ ಇರಬೇಕು. ಅತ್ತೆಯವರಿಗೆ ಮೊಣಕಾಲು ನೋವಿದ್ದರೆ ಎರಡನೇ ದಿನಕ್ಕೇ ಆ ಕುರ್ಚಿ ಬಟ್ಟೆ ಒಣಗಿಸುವ ಸ್ಟ್ಯಾಂಡ್ ಆಗುತ್ತದೆ. ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಮಗು ಉಣ್ಣಲು ಕಲಿಯುವುದು ಮನೆಯವರ ಬಾಯಿ ನೋಡಿಕೊಂಡು. ಅಪ್ಪ ರೊಟ್ಟಿ ಮುರಿಯುವುದು, ಅಜ್ಜಿ ಅನ್ನ ಕಲಸುವುದು, ಅಗಿಯುವುದು, ಎಲ್ಲ ಅದರ ಕಣ್ಣಿನ ಮಟ್ಟದಲ್ಲೇ ನಡೆಯಬೇಕು.

ಅದಕ್ಕೇ ನಿಮಗೆ ನನ್ನ ಸಲಹೆ: ಕಾಲು ಬಿಚ್ಚಿ ಗಿಡ್ಡ ಮಾಡಬಹುದಾದ ಕುರ್ಚಿ ತನ್ನಿ. ಉದ್ದನೆ ಕಾಲು ಹಾಕಿದರೆ ಎತ್ತರದ ಕುರ್ಚಿ, ತೆಗೆದರೆ ನೆಲದಿಂದ ಸ್ವಲ್ಪವೇ ಮೇಲಿರುವ ಗಿಡ್ಡ ಕುರ್ಚಿ, ಇಂಥವು ಈಗ ಬೇಕಾದಷ್ಟಿವೆ. ಗಿಡ್ಡ ಮಾಡಿದಾಗ ಪಾದದ ಕೆಳಗೆ ಒಂದು ಮಣೆ ಇಡಿ. ಮಣೆ ಎತ್ತರವಾದರೆ ತೆಳು ಹಲಗೆ, ಕಡಿಮೆಯಾದರೆ ಮಣೆಯ ಮೇಲೆ ಇನ್ನೊಂದು ಹಲಗೆಯನ್ನು ಮೊಳೆ ಹೊಡೆದು ಕೂಡಿಸಿ, ಸುಮ್ನೆ ಪೇರಿಸಬೇಡಿ. ಮೊಳೆಯ ತಲೆ ಮೇಲೆ ಎದ್ದಿರಬಾರದು.

ಗಿಡ್ಡ ಕುರ್ಚಿಯನ್ನು ನಾನು ಇಷ್ಟಪಡುವುದಕ್ಕೆ ಬೀಳುವ ಭಯವೂ ಕಾರಣ. ನಮ್ಮ ಮನೆಗಳಲ್ಲಿ ಕಡಪ ಕಲ್ಲು, ಶಹಾಬಾದ್ ಕಲ್ಲು, ಇಲ್ಲವೇ ಗ್ರಾನೈಟ್. ತಲೆ ತಗುಲಿದರೆ ತಡೆಯುವುದು ಏನೂ ಇಲ್ಲ. ಅಮೆರಿಕದಲ್ಲಿ 2003ರಿಂದ 2010ರವರೆಗೆ ಹೈಚೇರ್‌ನಿಂದ ಪೆಟ್ಟಾಗಿ ಆಸ್ಪತ್ರೆಗೆ ಬಂದ ಪುಟ್ಟ ಮಕ್ಕಳ ಲೆಕ್ಕ ತೆಗೆದಿದ್ದಾರೆ, ವರ್ಷಕ್ಕೆ ಸರಾಸರಿ 9,400. ಹೆಚ್ಚಿನವರು ಬಿದ್ದವರೇ, ಪೆಟ್ಟು ಹೆಚ್ಚಾಗಿ ತಲೆಗೆ. ಬೀಳುವ ಮೊದಲು ಎಷ್ಟೋ ಮಕ್ಕಳು ಕುರ್ಚಿಯಲ್ಲಿ ಎದ್ದು ನಿಂತಿದ್ದರು, ಇಲ್ಲವೇ ಹತ್ತಲು ನೋಡುತ್ತಿದ್ದರು. ಅಂದರೆ ಬೆಲ್ಟ್ ಹಾಕಿರಲಿಲ್ಲ, ಅಥವಾ ಹಾಕಿದ್ದು ಸಡಿಲವಾಗಿತ್ತು.

ಬೆಲ್ಟಿನ ವಿಷಯದಲ್ಲಿ ಯಾವ ರಾಜಿಯೂ ಬೇಡ. ಎರಡು ಭುಜ, ಎರಡು ಸೊಂಟ, ಒಂದು ತೊಡೆ ಸಂದಿ, ಹೀಗೆ ಐದು ಕಡೆ ಹಿಡಿಯುವ ಬೆಲ್ಟ್ ನಿಮ್ಮ ಮಗಳ ವಯಸ್ಸಿಗೆ ಸರಿ. ಬೆನ್ನು ಬಗ್ಗಿಸುವ ಮಗುವಿಗಂತೂ ಭುಜದ ಪಟ್ಟಿ ಇರಲೇಬೇಕು. ಟ್ರೇ ಹಾಕಿದ್ದೀವಲ್ಲ, ಎಲ್ಲಿ ಬೀಳುತ್ತೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ಟ್ರೇ ಊಟ ಇಡಲಿಕ್ಕೆ, ಮಗುವನ್ನು ಹಿಡಿಯಲಿಕ್ಕೆ ಅಲ್ಲ. ತೊಡೆ ಸಂದಿಯ ಪಟ್ಟಿ ಇಲ್ಲದಿದ್ದರೆ ಮಗು ಟ್ರೇ ಕೆಳಗಿನಿಂದ ಜಾರಿ, ಮೈ ಕೆಳಗೆ ಇಳಿದು, ಗದ್ದ ಟ್ರೇಗೆ ಸಿಕ್ಕಿಕೊಂಡು ಉಸಿರುಗಟ್ಟಬಹುದು. ಬೆಲ್ಟ್ ಬಿಗಿದ ಮೇಲೆ ಅದರ ಕೆಳಗೆ ನಿಮ್ಮ ಎರಡು ಬೆರಳು ತೂರಬೇಕು, ಮುಷ್ಟಿ ತೂರಬಾರದು.

ಬಕಲ್ ಅನ್ನು ಅಂಗಡಿಯಲ್ಲೇ ಒಂದು ಕೈಯಲ್ಲಿ ಬಿಚ್ಚಿ ನೋಡಿ. ಅತ್ತೆಯವರ ಕೈಗೂ ಬಿಚ್ಚಲು ಬರಬೇಕು. ಯಾಕೆ ಅಂದರೆ ಗಂಟಲಲ್ಲಿ ಏನಾದರೂ ಸಿಕ್ಕಿದರೆ ಮಗುವನ್ನು ಆ ಕ್ಷಣವೇ ಹೊರಗೆ ತೆಗೆಯಬೇಕು. ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮಲೂ ಆಗದೆ, ಅಳು ಹೊರಡದೆ, ಮುಖ ನೀಲಿಯಾದರೆ ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗೆ ಮಾಡಿ, ಎರಡು ಭುಜದ ನಡುವೆ ಅಂಗೈಯಿಂದ 5 ಸಲ ಗಟ್ಟಿಯಾಗಿ ತಟ್ಟಿ. ಹೊರಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ 5 ಸಲ ಒತ್ತಿ. ಮತ್ತೆ ತಟ್ಟಿ, ಮತ್ತೆ ಒತ್ತಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಬಾಯೊಳಗೆ ಕಾಣದ್ದನ್ನು ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ಇದು 1 ವರ್ಷದೊಳಗಿನ ಮಕ್ಕಳಿಗೆ ಮಾಡುವ ಕ್ರಮ.

ಈ ಮಾತು ಬಂದಾಗ ಶೇಂಗಾ ಬಗ್ಗೆ ಹೇಳದೆ ಇರಲಾರೆ. ನಮ್ಮ ಭಾಗದ ಮನೆಗಳಲ್ಲಿ ಹುರಿದ ಶೇಂಗಾ, ಪುಠಾಣಿ ಯಾವಾಗಲೂ ಕೈಗೆ ಸಿಗುವ ಹಾಗೆ ಇರುತ್ತವೆ. ಪಕ್ಕದ ಮನೆಯ ಹುಡುಗ ಪ್ರೀತಿಯಿಂದ ಒಂದು ಕಾಳು ಟ್ರೇ ಮೇಲೆ ಇಟ್ಟು ಹೋಗುತ್ತಾನೆ. ಇಡೀ ಶೇಂಗಾ ಮಗುವಿನ ಉಸಿರಿನ ನಾಳಕ್ಕೆ ಸರಿಯಾಗಿ ಕೂರುವ ಗಾತ್ರದ್ದು. 5 ವರ್ಷದವರೆಗೆ ಇಡೀ ಕಾಳು ಬೇಡವೇ ಬೇಡ. ನುಣ್ಣಗೆ ಪುಡಿ ಮಾಡಿ ಗಂಜಿಯಲ್ಲಿ ಕಲಸಿ ಕೊಡಬಹುದು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ. ಕುರ್ಚಿ ಎಷ್ಟೇ ಒಳ್ಳೆಯದಿರಲಿ, ಮಗು ಉಣ್ಣುವಾಗ ಎದುರಿಗೆ ಒಬ್ಬರು ಕೂತಿರಬೇಕು.

ಕುರ್ಚಿ ಮನೆಗೆ ಬಂದ ದಿನವೇ ಮಗುವನ್ನು ಕೂರಿಸಬೇಡಿ. ಜೋಡಿಸಿ, ಎಲ್ಲ ಸ್ಕ್ರೂ ಬಿಗಿ ಮಾಡಿ, ಸೀಟಿನ ಮೇಲೆ 10 ಕಿಲೋ ಸೋನಾ ಮಸೂರಿ ಚೀಲ ಇಟ್ಟು ಬೆಲ್ಟ್ ಹಾಕಿ. ನಾಲ್ಕೂ ಕಡೆಯಿಂದ ಟ್ರೇ ಎತ್ತರದಲ್ಲಿ ಕೈಯಿಂದ ತಳ್ಳಿ. ಹಿಂದಕ್ಕೆ ಜಾಸ್ತಿ ತಳ್ಳಿ ನೋಡಿ, ಯಾಕೆಂದರೆ ಮಗು ಕಾಲಿನಿಂದ ಗೋಡೆ ಒದ್ದಾಗ ಕುರ್ಚಿ ಮಗುಚುವುದು ಆ ಕಡೆಗೇ. ಯಾವುದಾದರೂ ಕಾಲು ಸುಲಭವಾಗಿ ಮೇಲೆದ್ದರೆ ವಾಪಸ್ ಕಳಿಸಿ. ಸೀಟಿಗಿಂತ ಕಾಲುಗಳು ಹೊರಗೆ ಚಾಚಿಕೊಂಡಿರುವ ಕುರ್ಚಿ ಗಟ್ಟಿಯಾಗಿ ನಿಲ್ಲುತ್ತದೆ. ಮಡಚುವ ಕುರ್ಚಿಯಾದರೆ ಬಿಚ್ಚಿದಾಗ ‘ಟಕ್’ ಅಂತ ಲಾಕ್ ಆಗಬೇಕು, ಅದೇ ಚೀಲ ಇಟ್ಟು ಅಲ್ಲಾಡಿಸಿದರೂ ಮಡಚಿಕೊಳ್ಳಬಾರದು. ಚಕ್ರ ನಿಮಗೆ ಬೇಕಿಲ್ಲ, ಗ್ರಾನೈಟ್ ಮೇಲೆ ಅವು ಓಡುತ್ತವೆ.

ಪೆಟ್ಟಿಗೆಯ ಮೇಲೆ ಇಎನ್ 14988 ಅಥವಾ ಎಎಸ್‌ಟಿಎಂ ಎಫ್404 ಅಂತ ಇದೆಯೇ ನೋಡಿ. ಮೊದಲನೆಯದು ಯುರೋಪಿನ, ಎರಡನೆಯದು ಅಮೆರಿಕದ ಹೈಚೇರ್ ಮಾನದಂಡ. ನಮ್ಮಲ್ಲಿ 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಕುರ್ಚಿಯ ಜೊತೆ ಬರುವ ಗೊಂಬೆಗೆ ಆ ಗುರುತು ಇದ್ದರೆ ಅದು ಗೊಂಬೆಯ ಮಾತಾಯಿತು, ಕುರ್ಚಿ ಮಗುಚುವುದಿಲ್ಲ ಅಂತ ಅರ್ಥವಲ್ಲ.

ಬೇಡದವುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಆನ್‌ಲೈನ್‌ನಲ್ಲಿ ಕಾಣುವ ಮೆತ್ತನೆಯ ‘ಬೇಬಿ ಸೋಫಾ’ದಲ್ಲಿ ಮಗು ಕುಸಿದು ಕೂರುತ್ತದೆ, ಊಟಕ್ಕೆ ಅದು ಆಗುವುದಿಲ್ಲ. ಪ್ಲಾಸ್ಟಿಕ್ ಕುರ್ಚಿ ಮೇಲೆ ಬೂಸ್ಟರ್ ಸೀಟ್ (ದೊಡ್ಡವರ ಕುರ್ಚಿಗೆ ಕಟ್ಟುವ ಮಕ್ಕಳ ಸೀಟು) ಕಟ್ಟಬೇಡಿ, ಆ ಕುರ್ಚಿಯ ಕಾಲು ಬಳುಕುತ್ತದೆ, ಹಗುರವೂ ಇರುತ್ತದೆ, ಮಗು ಒಂದು ಸಲ ಹಿಂದಕ್ಕೆ ಒದ್ದರೆ ಎರಡೂ ಮಗುಚುತ್ತವೆ. ವಾಕರ್‌ನಲ್ಲಿ ಕೂರಿಸಿ ತಿನ್ನಿಸುವವರು ಬಹಳ ಮಂದಿ. ಕೆನಡಾದಲ್ಲಿ 2004ರಿಂದ ವಾಕರ್ ಮಾರುವುದನ್ನೇ ನಿಷೇಧಿಸಿದ್ದಾರೆ. ಮನೆಯಲ್ಲಿದ್ದರೆ ಊಟಕ್ಕೂ ಬೇಡ, ನಡೆಯುವುದಕ್ಕೂ ಬೇಡ.

ನಮ್ಮ ಬಿಸಿಲು ನೆನಪಿಟ್ಟುಕೊಂಡು ಕುರ್ಚಿ ಆರಿಸಿ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ದಪ್ಪ ಸ್ಪಂಜಿನ ರೆಕ್ಸಿನ್ ಸೀಟಿನಲ್ಲಿ ಮಗುವಿನ ಬೆನ್ನು, ತೊಡೆ ಬೆವರಿ ಬೊಕ್ಕೆ ಏಳುತ್ತವೆ. ಅದರ ಹೊಲಿಗೆ ಸಂದಿಯಲ್ಲಿ ಅನ್ನ, ಬೇಳೆ ಸೇರಿ ಹುಳಿ ವಾಸನೆ ಬರುತ್ತದೆ, ಇರುವೆ ಸಾಲು ಹಿಡಿಯುತ್ತವೆ. ನಯವಾದ ಗಟ್ಟಿ ಪ್ಲಾಸ್ಟಿಕ್ ಅಥವಾ ಮರದ ಸೀಟು, ಮೇಲೆ ತೆಳುವಾದ ಹತ್ತಿ ಬಟ್ಟೆ, ಇಷ್ಟಿದ್ದರೆ ಒರೆಸುವುದು, ತೊಳೆಯುವುದು ಎರಡೂ ಸುಲಭ. ಬೆಲ್ಟ್ ಬಿಚ್ಚಿ ತೊಳೆಯಲು ಬರುತ್ತದೆಯೇ ಅಂತಲೂ ಕೇಳಿ. ಕುರ್ಚಿಯನ್ನು ಕೂಲರ್‌ನಿಂದ, ಅದರ ವೈರಿನಿಂದ, ಒಲೆಯಿಂದ, ಗೋಡೆಯಿಂದ ದೂರ ಇಡಿ. ಮಗುವಿನ ಕೈ ನೀವು ಅಂದುಕೊಂಡದ್ದಕ್ಕಿಂತ ಉದ್ದ.

ನಾದಿನಿಯವರ ಕುರ್ಚಿ ಖಂಡಿತ ನೋಡಿ. ಒಳ್ಳೆಯದಿದ್ದರೆ ಹೊಸದಕ್ಕೆ ದುಡ್ಡು ಹಾಕುವುದು ಯಾಕೆ? ಕೊಪ್ಪಳಕ್ಕೆ ಕಳಿಸುವ ಮೊದಲು ಅವರಿಂದ ಫೋಟೋ, ವಿಡಿಯೋ ತರಿಸಿಕೊಳ್ಳಿ. ಬೆಲ್ಟ್ ಐದೂ ಕಡೆ ಇದೆಯೇ, ಎಳೆ ಕಿತ್ತಿದೆಯೇ, ಬಕಲ್ ಕಚ್ಚುತ್ತದೆಯೇ, ಸ್ಕ್ರೂ ಎಲ್ಲ ಇವೆಯೇ, ಕಾಲು ಸೇರುವ ಜಾಗದಲ್ಲಿ ಸೀಳು ಇದೆಯೇ ನೋಡಿ. ಟೆರೇಸಿನಲ್ಲಿ ಬಿಸಿಲಿಗೆ ಬಿದ್ದಿದ್ದ ಪ್ಲಾಸ್ಟಿಕ್ ಬಣ್ಣಗೆಟ್ಟು, ಉಜ್ಜಿದರೆ ಬೆರಳಿಗೆ ಪುಡಿ ಹತ್ತುತ್ತದೆ. ಅಂಥದ್ದು ಬೇಡ, ಯಾವಾಗ ಮುರಿಯುತ್ತದೋ ಹೇಳಲು ಬರುವುದಿಲ್ಲ. ಬೆಲ್ಟ್ ಒಂದೇ ಹಾಳಾಗಿದ್ದರೆ ಆ ಕಂಪನಿಯದ್ದೇ ಬದಲಿ ಬೆಲ್ಟ್ ತರಿಸಿ. ದಾರ, ಸೀರೆ ಅಂಚು ಕಟ್ಟಿ ಸುಧಾರಿಸಬೇಡಿ.

ಬಡಗಿಯ ಕೈಯಲ್ಲಿ ಮಾಡಿಸುವುದೂ ಒಳ್ಳೆಯ ದಾರಿಯೇ. ಮರದ ಗೊಂಬೆಗಳಿಗೆ ಹೆಸರಾದ ಕಿನ್ನಾಳ ನಿಮ್ಮ ಜಿಲ್ಲೆಯಲ್ಲೇ ಇದೆ. ಆದರೆ ಗೊಂಬೆಗೆ ಬಳಸುವ ಹಗುರ ಮರ ಕುರ್ಚಿಗೆ ಸಾಲದು, ಗಟ್ಟಿ ಮರ ಬೇಕು. ಮೇಲೆ ಹೇಳಿದ ಮೂರು ಅಳತೆ ಕೊಡಿ. ಕಾಲ್ಹಲಗೆ ಸರಿಸಲು ಮೂರ್ನಾಲ್ಕು ಗಾಡಿ (ಹಲಗೆ ಕೂರುವ ತೋಡು) ಕೊರೆಸಿ. ಬೆಲ್ಟ್ ತೂರಿಸಲು ಬೆನ್ನಿನಲ್ಲೂ ಸೀಟಿನಲ್ಲೂ ಸೀಳು ಬಿಡಿಸಿ, ಅಂಚುಗಳನ್ನು ಉಜ್ಜಿಸಿ ದುಂಡಗೆ ಮಾಡಿಸಿ. ಬಣ್ಣ ಹಚ್ಚುವುದಾದರೆ ಸೀಸದ ಅಂಶ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಒಳಗಿದೆ ಅಂತ ಡಬ್ಬಿಯ ಮೇಲೆ ಬರೆದಿರುವ ಹೊಸ ಬಣ್ಣವನ್ನೇ ತನ್ನಿ, ಮನೆಯಲ್ಲಿ ಉಳಿದ ಹಳೇ ಡಬ್ಬಿ ಬೇಡ. 2017ರ ನವೆಂಬರ್‌ನಿಂದ ದೇಶದಲ್ಲಿ ಮನೆ ಬಣ್ಣಗಳಿಗೆ ಅದೇ ಮಿತಿ. ಮಕ್ಕಳು ಕುರ್ಚಿಯ ಅಂಚನ್ನು ಕಚ್ಚಿಯೇ ಕಚ್ಚುತ್ತಾರೆ.

ಹೊಸದೇ ತರುವುದಾದರೆ, ನನ್ನ ಲೆಕ್ಕದಲ್ಲಿ 3,000ದಿಂದ 5,000 ರೂಪಾಯಿಯೊಳಗೆ ಐದು ಕಡೆಯ ಬೆಲ್ಟ್, ಕಾಲ್ಹಲಗೆ, ಬಿಚ್ಚುವ ಕಾಲು ಇರುವ ಕುರ್ಚಿ ಹುಡುಕಬಹುದು. ಅದಕ್ಕಿಂತ ಮೇಲಿನ ದುಡ್ಡು ಹೆಚ್ಚಾಗಿ ಚಕ್ರಕ್ಕೆ, ಹಿಂದಕ್ಕೆ ವಾಲುವ ಬೆನ್ನಿಗೆ, ಗೊಂಬೆ ಸಾಲಿಗೆ ಹೋಗುತ್ತದೆ. ಹಿಂದಕ್ಕೆ ವಾಲಿಸಿ ತಿನ್ನಿಸಿದರೆ ಮತ್ತೆ ಮಲಗಿಸಿ ತಿನ್ನಿಸಿದ ಹಾಗೇ ಆಯಿತು, ಅಲ್ವಾ? ಇಂಥ ಕುರ್ಚಿಗಳು ಸಾಮಾನ್ಯವಾಗಿ 3 ವರ್ಷ ಅಥವಾ 15 ಕಿಲೋವರೆಗೆ. 3 ವರ್ಷದ ಹೆಣ್ಣುಮಗುವಿನ ತೂಕ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯ ಪ್ರಕಾರ ನಡುಮಟ್ಟದಲ್ಲಿ 13.9 ಕಿಲೋ, ಹಾಗಾಗಿ ಒಂದು ಕುರ್ಚಿ ಪೂರ್ತಿ ಬಾಳುತ್ತದೆ.

ಒಂದು ಊಟಕ್ಕೆ 15–20 ನಿಮಿಷ ಸಾಕು. ಕೆಲಸ ಮುಗಿಯಲಿ ಅಂತ ಮಗುವನ್ನು ಅಲ್ಲೇ ಕಟ್ಟಿ ಕೂರಿಸಬೇಡಿ. ಹೈಚೇರ್, ತಳ್ಳುಗಾಡಿ ಇಂಥವುಗಳಲ್ಲಿ ಒಂದೇ ಸಮನೆ 1 ಗಂಟೆಗಿಂತ ಹೆಚ್ಚು ಕಟ್ಟಿಡಬಾರದು ಅಂತ 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. 1 ವರ್ಷದೊಳಗೆ ಮೊಬೈಲ್, ಟಿವಿ ಬೇಡವೇ ಬೇಡ ಅಂತಲೂ ಅದೇ ಸಲಹೆಯಲ್ಲಿದೆ. ಟ್ರೇ ಮೇಲೆ ಮೊಬೈಲ್ ನಿಲ್ಲಿಸಿದರೆ ಮಗು ಬಾಯಿ ತೆರೆಯುತ್ತದೆ ನಿಜ, ಆದರೆ ಹಸಿವೂ ಗೊತ್ತಾಗುವುದಿಲ್ಲ, ಸಾಕಾದದ್ದೂ ಗೊತ್ತಾಗುವುದಿಲ್ಲ.

ಕೊನೆಗೆ ಮಗಳು ವಾಲುವ ವಿಷಯ. 7 ತಿಂಗಳಿಗೆ ಸ್ವಲ್ಪ ಹೊತ್ತು ಕೂತು ಆಮೇಲೆ ವಾಲುವುದು ಸಾಮಾನ್ಯ, ಭಯ ಬೇಡ. ಆರೋಗ್ಯವಂತ ಮಕ್ಕಳು ಆಸರೆ ಇಲ್ಲದೆ ಕೂರುವುದು 3.8 ತಿಂಗಳಿನಿಂದ 9.2 ತಿಂಗಳಿನ ನಡುವೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ ಹೇಳುತ್ತದೆ. ಕುತ್ತಿಗೆ ಗಟ್ಟಿಯಾಗಿ ನಿಂತಿದ್ದು, ಸೊಂಟ ಹಿಡಿದರೆ ಕೂರುತ್ತಾಳೆ ಅಂದರೆ ಕುರ್ಚಿಗೆ ತಯಾರು. ಎರಡೂ ಪಕ್ಕಕ್ಕೆ ಟವೆಲ್ ಸುರುಳಿ ಇಟ್ಟು ಬೆಲ್ಟ್ ಹಾಕಿ, ವಾಲಲು ಶುರುವಾದ ಕೂಡಲೇ ಎತ್ತಿಕೊಳ್ಳಿ. ದಿನಾಲೂ ಚಾಪೆ ಮೇಲೆ ಬೋರಲು ಹಾಕಿ, ಆಡಲು ಬಿಡಿ, ಸೊಂಟಕ್ಕೆ ಬಲ ಬರುವುದು ಅಲ್ಲಿಂದ. ಯಾವಾಗಲೂ ಒಂದೇ ಕಡೆಗೆ ವಾಲುತ್ತಿದ್ದರೆ, ಒಂದೇ ಕೈ ಬಳಸುತ್ತಿದ್ದರೆ, ಮೈ ತೀರಾ ಬಿಗಿ ಅಥವಾ ತೀರಾ ಸಡಿಲ ಅನ್ನಿಸಿದರೆ, ಪ್ರತಿ ಊಟಕ್ಕೂ ಕೆಮ್ಮು ಬರುತ್ತಿದ್ದರೆ ಕಾಯಬೇಡಿ. 9 ತಿಂಗಳು ತುಂಬಿದ ಮೇಲೂ ಆಸರೆ ಇಲ್ಲದೆ ಕೂರದಿದ್ದರೆ ಆಗಲೂ ತೋರಿಸಿ. ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಹೋಗಿ, ತಾಯಿ ಕಾರ್ಡ್ ಜೊತೆಗಿರಲಿ. ಮಗಳು ಕೂರುವುದು, ಉಣ್ಣುವುದು ಎರಡನ್ನೂ ಮೊಬೈಲ್‌ನಲ್ಲಿ ಒಂದೊಂದು ನಿಮಿಷ ವಿಡಿಯೋ ಮಾಡಿಕೊಂಡು ಹೋಗಿ. ಆಸ್ಪತ್ರೆಯಲ್ಲಿ ಮಕ್ಕಳು ಅಳುತ್ತಾರೆ, ಡಾಕ್ಟರಿಗೆ ಮನೆಯ ವಿಡಿಯೋದಿಂದಲೇ ಹೆಚ್ಚು ಗೊತ್ತಾಗುತ್ತದೆ.